ಗೆಜ್ಜೆವಸ್ತ್ರ ಆನ್‌ಲೈನ್ ಪೇಟೆಗೆ ಹೋದ ವರ್ಷಗಳು

ಗೆಜ್ಜೆವಸ್ತ್ರ ಮತ್ತು ಹೂಬತ್ತಿ ಬೆಂಗಳೂರಿನ ಮನೆಗಳಲ್ಲಿ ಹೆಂಗಸರ ಕೈಯಲ್ಲಿ ತಯಾರಾಗುತ್ತ ಬಂದಿರುವ ಪೂಜಾ ಸಾಮಗ್ರಿಗಳು. ಹತ್ತಿಯನ್ನು ಹಿಂಜಿ, ಕಸ ತೆಗೆದು, ತೆಳ್ಳಗೆ ಉದ್ದಕ್ಕೆ ಎಳೆದು, ಹಾಲು ಸೋಕಿಸಿದ ಬೆರಳಿನಿಂದ ಅಲ್ಲಲ್ಲಿ ಹೊಸೆದರೆ ನಡುನಡುವೆ ಉಳಿಯುವ ಉಬ್ಬುಗಳು ಗೆಜ್ಜೆಯ ಆಕಾರಕ್ಕೆ ಬರುತ್ತವೆ. ಹೊಸೆದ ಜಾಗಕ್ಕೆ ಕುಂಕುಮ ಹಚ್ಚಿದರೆ ವಸ್ತ್ರ ಸಿದ್ಧ. ಹೂಬತ್ತಿಗೆ ಅಡಿ ದುಂಡಗಿರಬೇಕು, ತುದಿ ನೆಟ್ಟಗಿರಬೇಕು, ತುಪ್ಪದಲ್ಲಿ ನೆನೆದ ಮೇಲೂ ಬೀಳಬಾರದು. ನೋಡಲು ಸುಲಭ. ಸಾವಿರ ಬತ್ತಿ ಒಂದೇ ಅಳತೆಯಲ್ಲಿ ಬರಬೇಕಾದರೆ ವರ್ಷಗಳ ಅಭ್ಯಾಸ ಬೇಕು. ಮುತ್ತು, ಮಿಂಚು, ಬಣ್ಣದ ಕಾಗದ ಸೇರಿಸಿದ ಅಲಂಕಾರದ ವಸ್ತ್ರಗಳು ಬಂದದ್ದು ಆಮೇಲೆ.

ಮತ್ತಿಕೆರೆಯಲ್ಲಿ ಈ ಕೆಲಸಕ್ಕೆ ಕೈಗಳ ಕೊರತೆ ಎಂದೂ ಇರಲಿಲ್ಲ. ಒಂದು ಬದಿಗೆ ಯಶವಂತಪುರದ ಮಾರುಕಟ್ಟೆ, ಇನ್ನೊಂದು ಬದಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಆಚೆಗೆ ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ. ಇವುಗಳ ನಡುವೆ ನೌಕರರ ಕುಟುಂಬಗಳು ಮನೆ ಕಟ್ಟಿಕೊಂಡು ನೆಲೆಸಿದ ಬಡಾವಣೆ ಇದು. ಮಧ್ಯಾಹ್ನದ ಊಟ ಮುಗಿದು ಸಂಜೆಯ ದೀಪ ಹಚ್ಚುವ ತನಕದ ಹೊತ್ತು ಬತ್ತಿ ಹೊಸೆಯಲು ಸಿಗುತ್ತಿತ್ತು. ತಯಾರಾದದ್ದು ಹತ್ತಿರದ ಗ್ರಂಧಿಗೆ ಅಂಗಡಿಗೆ, ದೇವಸ್ಥಾನದ ಎದುರಿನ ಹಣ್ಣುಕಾಯಿ ಅಂಗಡಿಗೆ, ಗೌರಿ ಹಬ್ಬದ ಮುಂಚಿನ ವಾರ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಸಾಲಿಗೆ ಹೋಗುತ್ತಿತ್ತು. ಅಂಗಡಿಯವರು ಮಾರಾಟವಾದ ಮೇಲೆ ದುಡ್ಡು ಕೊಡುತ್ತಿದ್ದರು. ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತಿದ್ದರು. ಲೆಕ್ಕ ಬಾಯಿಮಾತಿನದು, ನಂಬಿಕೆ ಮುಖಪರಿಚಯದ್ದು.

ಬೆಂಗಳೂರಿಗೆ ಇಂಟರ್ನೆಟ್ ವ್ಯಾಪಾರ ಬಂದದ್ದು ಗೆಜ್ಜೆವಸ್ತ್ರ ಆನ್‌ಲೈನ್‌ಗೆ ಹೋಗುವುದಕ್ಕೆ ಬಹಳ ಮೊದಲೇ. 1999ರಲ್ಲಿ ಫ್ಯಾಬ್‌ಮಾರ್ಟ್ ಇದೇ ಊರಿನಲ್ಲಿ ಶುರುವಾಯಿತು. ಮುಂದೆ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ನಡೆದು 2013ರಲ್ಲಿ ಮುಚ್ಚಿತು. ಮುಂಬೈಯ ಬಾಜಿ ಡಾಟ್ ಕಾಮ್ ಅನ್ನು 2004ರಲ್ಲಿ ಇಬೇ ಕೊಂಡಿತು. 2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಆರಂಭಿಸಿತು. ಈ ಯಾವುದೂ ಬತ್ತಿ ಹೊಸೆಯುವವರನ್ನು ಮುಟ್ಟಲಿಲ್ಲ. ಕೊಳ್ಳುವವರ ಹತ್ತಿರ ಕ್ರೆಡಿಟ್ ಕಾರ್ಡ್ ಇರಬೇಕಿತ್ತು, ಮಾರುವವರ ಹತ್ತಿರ ಕಂಪ್ಯೂಟರ್ ಇರಬೇಕಿತ್ತು. ವಸ್ತು ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿಯನ್ನು 2010ರಲ್ಲಿ ಫ್ಲಿಪ್‌ಕಾರ್ಟ್ ತಂದ ಮೇಲೆ ಸಾಮಾನ್ಯ ಗೃಹಿಣಿಯೂ ಆರ್ಡರ್ ಮಾಡುವ ಧೈರ್ಯ ಮಾಡಿದಳು. ಆದರೆ ಅಲ್ಲಿಯ ತನಕ ಮಾರುತ್ತಿದ್ದದ್ದು ಕಂಪನಿಯೇ. ಹೊರಗಿನವರು ತಮ್ಮ ಸರಕನ್ನು ತಂದಿಟ್ಟು ಮಾರುವ ಪೇಟೆಯಾಗಿ ಅದು ಬದಲಾದದ್ದು 2013ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜೂನ್ 5ರಂದು ಅಮೆಜಾನ್ ಭಾರತದಲ್ಲಿ ಬಾಗಿಲು ತೆರೆಯಿತು. ಅದರ ಭಾರತದ ಮುಖ್ಯ ಕಚೇರಿ ಮುಂದೆ ಬಹುಕಾಲ ನಡೆದದ್ದು ಮತ್ತಿಕೆರೆಯಿಂದ ಯಶವಂತಪುರ ದಾಟಿದರೆ ಸಿಗುವ ಬ್ರಿಗೇಡ್ ಗೇಟ್‌ವೇಯ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ.

ಈ ಬರಹ ನೆನೆಯುವ ಮನೆಯಲ್ಲಿ ಹತ್ತಿಯ ಕೆಲಸ ಅತ್ತೆಯದು, ಫೋನಿನ ಕೆಲಸ ಸೊಸೆಯದು. ಅಕ್ಕಪಕ್ಕದ ನಾಲ್ಕಾರು ಮನೆಯವರು ಬತ್ತಿ ಹೊಸೆದು ತಂದು ಕೊಡುತ್ತಿದ್ದರು. ಆನ್‌ಲೈನ್‌ನಲ್ಲಿ ಮಾರುವ ಮಾತು ಬಂದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, “ಗಿರಾಕಿ ಮುಖಾನೇ ನೋಡ್ದೆ ಹೆಂಗಮ್ಮ ಮಾರೋದು?” ಎಂದು. ಆಗ ಅದು ಹಳೆಯ ಕಾಲದವರ ಅಂಜಿಕೆಯಂತೆ ಕೇಳಿಸಿತು. ಮುಂದಿನ ಹತ್ತು ವರ್ಷ ಈ ವ್ಯಾಪಾರದ ಎಲ್ಲ ಕಷ್ಟವೂ ಆ ಒಂದು ಪ್ರಶ್ನೆಯ ಸುತ್ತ ತಿರುಗಿತು.

ಶುರುವಿನ ಕೆಲಸ ಕಾಗದಪತ್ರದ್ದು. ಪ್ಯಾನ್ ಕಾರ್ಡ್, ಚಾಲ್ತಿ ಖಾತೆ, ರದ್ದು ಮಾಡಿದ ಚೆಕ್ಕು, ಆಗಿನ ವ್ಯಾಟ್ ಕಾಯಿದೆಯ ಟಿನ್ ನಂಬರು. ಗ್ರಂಧಿಗೆ ಅಂಗಡಿಗೆ ಮಾರುವಾಗ ಇವು ಯಾವುದೂ ಬೇಕಾಗಿರಲಿಲ್ಲ. ಆಡಿಟರ್ ಹಿಡಿಯಬೇಕಾಯಿತು, ವ್ಯಾಪಾರಕ್ಕೊಂದು ಹೆಸರಿಡಬೇಕಾಯಿತು. ತಾಣಗಳೂ ಸಣ್ಣ ವ್ಯಾಪಾರಿಗಳನ್ನು ಹುಡುಕಿಕೊಂಡು ಬರುತ್ತಿದ್ದ ಕಾಲ ಅದು. ಅಮೆಜಾನ್ ‘ಚಾಯ್ ಕಾರ್ಟ್’ ಎಂಬ ಗಾಡಿಗಳನ್ನು ಮಾರುಕಟ್ಟೆಗಳಿಗೆ ಕಳಿಸಿ, ಅಂಗಡಿಯವರಿಗೆ ಚಹಾ ಕೊಡುತ್ತ ನೋಂದಣಿಯ ವಿಚಾರ ತಿಳಿಸುತ್ತಿತ್ತು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಒಂದು ತೆರಿಗೆ ವಿವಾದವೂ ಎದ್ದಿತು. ಬೆಂಗಳೂರಿನ ಹೊರವಲಯದ ಅಮೆಜಾನ್ ಗೋದಾಮಿನಲ್ಲಿ ಸರಕು ಇಟ್ಟ ವ್ಯಾಪಾರಿಗಳು ಆ ಗೋದಾಮನ್ನು ತಮ್ಮ ವ್ಯಾಪಾರದ ಹೆಚ್ಚುವರಿ ಸ್ಥಳ ಎಂದು ತೋರಿಸುವುದನ್ನು ವಾಣಿಜ್ಯ ತೆರಿಗೆ ಇಲಾಖೆ 2014ರಲ್ಲಿ ಒಪ್ಪಲಿಲ್ಲ. ನೂರಕ್ಕೂ ಹೆಚ್ಚು ವ್ಯಾಪಾರಿಗಳ ಪರವಾನಗಿ ರದ್ದಾಯಿತು. ಹತ್ತಾರು ವ್ಯಾಪಾರಿಗಳ ಸರಕು ಒಂದೇ ಸೂರಿನಡಿ ಕಲೆತಿರುವಾಗ ತೆರಿಗೆ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗೆ ಹಳೆಯ ಕಾಯಿದೆಯಲ್ಲಿ ಉತ್ತರ ಇರಲಿಲ್ಲ. ಮತ್ತಿಕೆರೆಯ ಮನೆಯಂಥ ಚಿಕ್ಕ ಮಾರಾಟಗಾರರು ಆ ಸುದ್ದಿ ಓದಿ ಗೋದಾಮಿನ ಗೊಡವೆಯೇ ಬೇಡವೆಂದು ಸರಕನ್ನು ಮನೆಯಲ್ಲೇ ಇಟ್ಟುಕೊಂಡರು. ಮಳೆಗಾಲದಲ್ಲಿ ತೇವ ಹಿಡಿದರೆ ಹತ್ತಿ ಹಳದಿ ತಿರುಗುವುದರಿಂದ ಈ ಸರಕಿಗೆ ಅದು ಒಳ್ಳೆಯದೇ ಆಯಿತು.

ಫೋಟೊ ತೆಗೆಯುವುದು ಕಷ್ಟದ ಕೆಲಸವಾಗಿತ್ತು. ತಾಣಗಳು ಕೇಳುವುದು ಬಿಳಿಯ ಹಿನ್ನೆಲೆ; ಗೆಜ್ಜೆವಸ್ತ್ರದ ಬಣ್ಣವೂ ಬಿಳಿ. ಕುಂಕುಮದ ಬೊಟ್ಟುಗಳು ಮಾತ್ರ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು. ಕಿಟಕಿಯ ಓರೆ ಬೆಳಕಿನಲ್ಲಿ ನೆರಳು ಸ್ವಲ್ಪ ಉಳಿಯುವಂತೆ ಇಟ್ಟಾಗ ಎಳೆ ಕಂಡಿತು. ಅಳತೆ ತಿಳಿಸುವುದು ಇನ್ನೊಂದು ಪಾಠ. ಅಂಗಡಿಯಲ್ಲಿ “ಚಿಕ್ಕ ವಿಗ್ರಹಕ್ಕೆ, ಕಳಸಕ್ಕೆ” ಎಂದರೆ ಸಾಕಿತ್ತು. ಪರದೆಯ ಮೇಲೆ ಇಂಚಿನ ಲೆಕ್ಕ ಬರೆಯದಿದ್ದರೆ ವಸ್ತು ಹಿಂದಕ್ಕೆ ಬರುತ್ತಿತ್ತು. ಪೊಟ್ಟಣದ ವಸ್ತುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಒಳಗಿನ ಪ್ರಮಾಣ, ಗ್ರಾಹಕರ ದೂರಿಗೆ ಸಂಪರ್ಕ ಸಂಖ್ಯೆ ಪೊಟ್ಟಣದ ಮೇಲೆ ಇರಲೇಬೇಕು. 2018ರ ಜನವರಿ 1ರಿಂದ ಬೆಲೆ, ಪ್ರಮಾಣ ಮೊದಲಾದ ವಿವರಗಳು ಮಾರಾಟದ ಪುಟದಲ್ಲೂ ಕಾಣಬೇಕೆಂಬ ನಿಯಮ ಬಂತು.

ಆರ್ಡರ್‌ಗಳು ಬರತೊಡಗಿದಾಗಿನ ಸಂತೋಷವನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಪುಣೆ, ಹೈದರಾಬಾದ್, ದೆಹಲಿಯ ಪಿನ್‌ಕೋಡ್‌ಗಳು ಪೊಟ್ಟಣದ ಮೇಲೆ ಅಚ್ಚಾಗಿ ಬಂದವು. ಪರವೂರಿಗೆ ಕೆಲಸಕ್ಕೆ ಹೋಗಿ, ವರಮಹಾಲಕ್ಷ್ಮಿಗೆ ಗೆಜ್ಜೆವಸ್ತ್ರ ಎಲ್ಲಿ ಸಿಗುತ್ತದೆಂದು ತಿಳಿಯದೆ ತವರಿನಿಂದ ತರಿಸಿಕೊಳ್ಳುತ್ತಿದ್ದ ಕನ್ನಡದ ಹೆಣ್ಣುಮಕ್ಕಳಿಗೆ ಇದೊಂದು ಆಸರೆ. ಹತ್ತಿಯ ವಸ್ತ್ರವನ್ನೇ ಏರಿಸುವ ತೆಲುಗು, ಮರಾಠಿ ಮನೆಗಳೂ ಕೊಂಡವು. ಕಾರ್ತಿಕ ಮಾಸದಲ್ಲಿ ಮುನ್ನೂರ ಅರವತ್ತೈದು ಬತ್ತಿಯ ಕಟ್ಟಿಗೆ ಇಷ್ಟು ಬೇಡಿಕೆ ಇದೆಯೆಂದು ಮತ್ತಿಕೆರೆಗೆ ತಿಳಿದದ್ದು ಹೀಗೆ. ಯಾವ ಗ್ರಂಧಿಗೆ ಅಂಗಡಿಯೂ ಇಷ್ಟು ದೂರದ ಗಿರಾಕಿಯನ್ನು ತಂದುಕೊಡಲಾರದು. ಆನ್‌ಲೈನ್ ಪೇಟೆ ಸಣ್ಣವರಿಗೆ ಮಾಡಿದ ಉಪಕಾರ ದೊಡ್ಡದು.

ಆದರೆ ತಿಂಗಳ ಕೊನೆಗೆ ಖಾತೆಗೆ ಬಂದ ದುಡ್ಡು ಮಾರಾಟದ ಮೊತ್ತಕ್ಕೆ ಹೊಂದುತ್ತಿರಲಿಲ್ಲ. ಯಾಕೆಂದು ತಿಳಿಯಲು ಪಾವತಿಯ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕಾಯಿತು. ಒಂದು ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಗೆಜ್ಜೆವಸ್ತ್ರದ ಒಂದು ಕಟ್ಟಿಗೆ 199 ರೂಪಾಯಿ ಬೆಲೆ. ತಾಣದ ಕಮಿಷನ್ ಶೇಕಡಾ 10 ಎಂದರೆ 20 ರೂಪಾಯಿ, ಪ್ರತಿ ಆರ್ಡರ್‌ನ ಸ್ಥಿರ ಶುಲ್ಕ 10, ಸಾಗಣೆ 65, ಒಟ್ಟು 95. ಈ ಸೇವೆಗಳ ಮೇಲೆ ಶೇಕಡಾ 18ರ ಜಿಎಸ್‌ಟಿ ಸುಮಾರು 17. ಅಲ್ಲಿಗೆ 112 ರೂಪಾಯಿ ಹೋಯಿತು, ಕೈಗೆ ಬಂದದ್ದು 87. ಹತ್ತಿ, ಕುಂಕುಮ, ಅಲಂಕಾರಕ್ಕೆ 30, ಹೊಸೆದವರ ಕೂಲಿ 35, ರಟ್ಟಿನ ಡಬ್ಬಿ ಮತ್ತು ಟೇಪಿಗೆ 12. ಉಳಿಯುವುದು 10 ರೂಪಾಯಿ. ಒಂದು ಪೊಟ್ಟಣ ಹಿಂದಕ್ಕೆ ಬಂದು, ಹೋಗುವ ಬರುವ ಎರಡೂ ಸಾಗಣೆ ಮಾರಿದವರ ತಲೆಗೆ ಬಿದ್ದು, ಬಿಚ್ಚಿದ ವಸ್ತ್ರ ಮತ್ತೆ ಮಾರಲು ಬಾರದಂತೆ ಹಾಳಾಗಿದ್ದರೆ ಇಪ್ಪತ್ತಕ್ಕೂ ಹೆಚ್ಚು ಆರ್ಡರ್‌ಗಳ ಲಾಭ ಅಲ್ಲಿಗೆ ಮುಗಿಯಿತು.

ಸಾಗಣೆಯ ಲೆಕ್ಕದಲ್ಲಿ ಹತ್ತಿಗೆ ಇನ್ನೊಂದು ತೊಂದರೆ ಇದೆ. ಕೊರಿಯರ್‌ಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಕಿಲೋ ಲೆಕ್ಕದ ಒಂದು ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಮೂವತ್ತು, ಇಪ್ಪತ್ತೈದು, ಹದಿನೈದು ಸೆಂಟಿಮೀಟರಿನ ಡಬ್ಬಿಯಲ್ಲಿ ನಾನ್ನೂರು ಗ್ರಾಂ ಹತ್ತಿ ಇಟ್ಟರೂ ದರ ಬೀಳುವುದು ಎರಡೂಕಾಲು ಕಿಲೋಗೆ. ಹತ್ತಿಯ ವಸ್ತ್ರವನ್ನು ಒತ್ತಿ ತುಂಬಿದರೆ ಗೆಜ್ಜೆ ಚಪ್ಪಟೆಯಾಗುತ್ತದೆ. ಸಡಿಲವಾಗಿ ಇಟ್ಟರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಇದಕ್ಕೆ ಆ ಮನೆ ಕಂಡುಕೊಂಡ ದಾರಿ, ವಸ್ತ್ರವನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಹರಡಿ ಪದರ ಪದರವಾಗಿ ಇಡುವುದು, ಎತ್ತರ ಕಡಿಮೆಯ ಡಬ್ಬಿಗಳನ್ನು ಅಳತೆ ಕೊಟ್ಟು ಮಾಡಿಸುವುದು. ವಸ್ತ್ರದ ಜೊತೆಗೆ ಹೂಬತ್ತಿ, ಅರಿಶಿನದ ದಾರ ಸೇರಿಸಿ ಕಟ್ಟಿನ ಬೆಲೆ ಏರಿಸಿದ್ದೂ ಸಾಗಣೆಯ ಪಾಲು ತಗ್ಗಿಸಲಿಕ್ಕೇ. ಒಂದೇ ಡಜನ್ ಬತ್ತಿ ಮಾರುವುದು ಅಲ್ಲಿಗೆ ನಿಂತಿತು. ನಲವತ್ತು ರೂಪಾಯಿಯ ಸರಕಿಗೆ ಈ ಪೇಟೆಯಲ್ಲಿ ಜಾಗವಿಲ್ಲ.

ಲೆಕ್ಕ ಕಲಿತದ್ದು ಆ ಮನೆಗೆ ಈ ವ್ಯಾಪಾರ ಕೊಟ್ಟ ನಿಜವಾದ ಆಸ್ತಿ. ಬಾಯಿಮಾತಿನ ವ್ಯಾಪಾರದಲ್ಲಿ ಕೂಲಿ ಎಂದರೆ ಉಳಿದದ್ದು. ಮನೆಯ ಹೆಂಗಸರ ಮಧ್ಯಾಹ್ನಕ್ಕೆ ಬೆಲೆ ಇದೆ ಎಂದು ಮೊದಲ ಸಲ ಪುಸ್ತಕದಲ್ಲಿ ಬರೆದದ್ದು ಆನ್‌ಲೈನ್ ಶುಲ್ಕಗಳ ಕಾಟದಿಂದ. ಬಂದ ಲಾಭದಲ್ಲಿ ಕೂಲಿ ತೆಗೆದರೆ ಎಷ್ಟು ಉಳಿಯುತ್ತದೆ ಎಂದು ಕೇಳಿಕೊಳ್ಳದವರು ವರ್ಷಗಟ್ಟಲೆ ತಮ್ಮ ದುಡಿಮೆಯನ್ನೇ ಮಾರಾಟದ ಲಾಭವೆಂದು ಎಣಿಸಿ ಮೋಸ ಹೋದರು.

ಗಿರಾಕಿಯ ಮುಖ ಕಾಣದ ಕಷ್ಟ ಆಮೇಲೆ ತಿಳಿಯಿತು. ಕೊಂಡವರ ಹೆಸರು, ವಿಳಾಸ ಪೊಟ್ಟಣಕ್ಕೆ ಮಾತ್ರ. ಫೋನ್ ನಂಬರ್ ಮಾರಿದವರಿಗೆ ಸಿಗದು. ಪೊಟ್ಟಣದೊಳಗೆ ತಮ್ಮ ನಂಬರಿನ ಚೀಟಿ ಹಾಕುವುದೂ ತಾಣಗಳ ನಿಯಮಕ್ಕೆ ವಿರುದ್ಧ. ಮೂರು ಹಬ್ಬಕ್ಕೂ ಸತತವಾಗಿ ಕೊಂಡವರು ಯಾರೆಂದು ಮಾರಿದವರಿಗೆ ಗೊತ್ತಾಗುವುದಿಲ್ಲ, ಕೊಂಡವರಿಗೂ ಮಾಡಿದವರು ಯಾರೆಂದು ನೆನಪಿರುವುದಿಲ್ಲ. ನೆನಪಿರುವುದು ತಾಣದ ಹೆಸರು. ಒಂದು ಶ್ರಾವಣದಲ್ಲಿ ಆ ಮನೆಯ ಚಿತ್ರವನ್ನೇ ತೆಗೆದು ಇನ್ನೊಬ್ಬರು ಅದೇ ಪುಟದಲ್ಲಿ ಕಡಿಮೆ ಬೆಲೆಗೆ ಮಾರಾಟಕ್ಕಿಟ್ಟರು. ಅವರು ಕಳಿಸಿದ್ದು ಯಂತ್ರದ, ಬಿರುಸಾದ ವಸ್ತ್ರ. ಬೈಗುಳದ ವಿಮರ್ಶೆಗಳು ಬಂದು ಕುಳಿತದ್ದು ಮೂಲ ಮಾರಾಟಗಾರರ ಪುಟದಲ್ಲಿ. ದೂರು ಕೊಟ್ಟರೆ ಯಂತ್ರ ಬರೆದಂಥ ಉತ್ತರ ಬಂತು. ಪುಟ ಸರಿಯಾಗುವ ಹೊತ್ತಿಗೆ ಗೌರಿ ಗಣೇಶ ಮುಗಿದಿತ್ತು. ಹಬ್ಬದ ಸರಕಿಗೆ ತಡವಾಗಿ ಸಿಕ್ಕ ನ್ಯಾಯ ನಷ್ಟವೇ. ಮಲ್ಲೇಶ್ವರದ ಸಾಲಿನಲ್ಲಿ ಹೀಗಾಗಿದ್ದರೆ ಗಿರಾಕಿ ಎದುರು ಬಂದು ಜಗಳವಾಡುತ್ತಿದ್ದಳು, ವಸ್ತು ನೋಡಿ ಸುಮ್ಮನಾಗುತ್ತಿದ್ದಳು.

ಹಬ್ಬದ ಕಾಲವೂ ತಾಣಗಳ ಕಾಲವೂ ಒಂದೇ ಅಲ್ಲ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ನಡೆಸಿದ ಮೇಲೆ ದಸರಾ, ದೀಪಾವಳಿಯ ಸುತ್ತಿನ ರಿಯಾಯಿತಿ ಮಾರಾಟ ವರ್ಷದ ದೊಡ್ಡ ಸಂತೆಯಾಯಿತು. ಗೆಜ್ಜೆವಸ್ತ್ರದ ಸುಗ್ಗಿ ಅದಕ್ಕೆ ಮೊದಲು, ಶ್ರಾವಣ ಭಾದ್ರಪದದಲ್ಲಿ. ರಿಯಾಯಿತಿ ಕೊಡಿ ಎಂಬ ಒತ್ತಾಯ ಬರುವ ಹೊತ್ತಿಗೆ ಉಳಿದಿರುವುದು ಹೂಬತ್ತಿ ಮಾತ್ರ. ಹತ್ತು ರೂಪಾಯಿ ಲಾಭದ ವಸ್ತುವಿನಲ್ಲಿ ರಿಯಾಯಿತಿ ಎಲ್ಲಿಂದ ಬರಬೇಕು?

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. ದೀಪದ ಬತ್ತಿ ತೆರಿಗೆಯಿಲ್ಲದ ಪೂಜಾ ಸಾಮಗ್ರಿಗಳ ಪಟ್ಟಿಯಲ್ಲಿದೆ. ಕೇಳಲು ಒಳ್ಳೆಯ ಸುದ್ದಿ. ಆದರೆ ತೆರಿಗೆಯಿಲ್ಲದ ವಸ್ತು ಮಾರುವವರಿಗೆ ತಾವು ತಾಣಕ್ಕೆ ಕೊಟ್ಟ ಶುಲ್ಕದ ಮೇಲಿನ ಶೇಕಡಾ 18ನ್ನು ಹಿಂಪಡೆಯುವ ದಾರಿ ಇಲ್ಲ. ಅದು ಖರ್ಚಿಗೇ ಸೇರುತ್ತದೆ. ಇದಕ್ಕಿಂತ ದೊಡ್ಡ ಅಸಮಾನತೆ ನೋಂದಣಿಯಲ್ಲಿತ್ತು. ಅಂಗಡಿಯಲ್ಲಿ ಮಾರುವವರಿಗೆ ವರ್ಷಕ್ಕೆ 20 ಲಕ್ಷ, 2019ರ ಏಪ್ರಿಲ್‌ನಿಂದ ಸರಕಿಗೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಬೇಕಿರಲಿಲ್ಲ. ತೆರಿಗೆ ಬೀಳುವ ಸರಕನ್ನು ಆನ್‌ಲೈನ್ ತಾಣದಲ್ಲಿ ಮಾರುವವರಿಗೆ ಮೊದಲ ರೂಪಾಯಿಯಿಂದಲೇ ಕಡ್ಡಾಯ. 2018ರ ಅಕ್ಟೋಬರ್ 1ರಿಂದ ತಾಣಗಳು ತೆರಿಗೆ ಬೀಳುವ ಮಾರಾಟದ ಮೇಲೆ ಶೇಕಡಾ 1ರಷ್ಟು ಹಿಡಿದು ಸರ್ಕಾರಕ್ಕೆ ಕಟ್ಟತೊಡಗಿದವು, 2020ರ ಅಕ್ಟೋಬರ್ 1ರಿಂದ ಆದಾಯ ತೆರಿಗೆಯ ಮೂಲದಲ್ಲಿ ಕಡಿತವೂ ಸೇರಿತು. ತಿಂಗಳ ರಿಟರ್ನ್, ಆಡಿಟರ್ ಶುಲ್ಕ, ತಡವಾದರೆ ದಂಡ. ಪರಿಣಾಮ ಮತ್ತಿಕೆರೆಯ ಓಣಿಗಳಲ್ಲಿ ಕಾಣಿಸಿತು: ಹೊಸೆಯುವವರೆಲ್ಲ ತಾವೇ ಮಾರುವವರಾಗಬಹುದು ಎಂಬ ಆಸೆ ಹೋಗಿ, ನೋಂದಣಿ ಇದ್ದ ಒಬ್ಬರ ಹೆಸರಿಗೆ ಹತ್ತು ಮನೆಯ ಕೆಲಸ ಸೇರಿತು. ಹೆಂಗಸರು ಮತ್ತೆ ಕೂಲಿಗೆ ಹೊಸೆಯುವವರಾಗಿಯೇ ಉಳಿದರು. ದೊಡ್ಡ ವ್ಯಾಪಾರಿಯ ತೆರಿಗೆ ತಪ್ಪಿಸುವಿಕೆ ತಡೆಯಲು ಹಾಕಿದ ಬೇಲಿ ತೀರ ಸಣ್ಣವರನ್ನು ಹೊರಗಿಟ್ಟಿತು. ಆರು ವರ್ಷ ಹೀಗೆ ನಡೆದದ್ದು ಅನ್ಯಾಯ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿತ್ತು. ಅತ್ಯಗತ್ಯವಲ್ಲದ ಸರಕುಗಳ ಆನ್‌ಲೈನ್ ಮಾರಾಟಕ್ಕೆ ಏಪ್ರಿಲ್ 20ರಿಂದ ಅವಕಾಶ ಎಂದು ಮೊದಲು ಪ್ರಕಟಿಸಿದ ಕೇಂದ್ರ, ಹಿಂದಿನ ದಿನ ಅದನ್ನು ಹಿಂತೆಗೆದುಕೊಂಡಿತು. ಜುಲೈ 14ರಿಂದ 22ರ ತನಕ ಬೆಂಗಳೂರಿನಲ್ಲಿ ಮತ್ತೊಂದು ಲಾಕ್‌ಡೌನ್. ವರಮಹಾಲಕ್ಷ್ಮಿ ಜುಲೈ 31ಕ್ಕೆ. ಹಬ್ಬದ ಸರಕು ಹೊರಡಬೇಕಾದ ವಾರವೇ ಓಣಿ ಖಾಲಿ. ಮನೆಮನೆಯ ಬತ್ತಿ ತಂದು ಸೇರಿಸುವುದೂ ಕಷ್ಟವಾಯಿತು. ಬೀಗ ತೆಗೆದ ಮೇಲೆ ಮಲ್ಲೇಶ್ವರದ ಜನಸಂದಣಿಗೆ ಹೋಗಲು ಹೆದರಿದವರು ಆನ್‌ಲೈನ್‌ನಲ್ಲಿ ಹುಡುಕಿದರು. ಪರವೂರಿನವರಿಗೆ ಮಾರುತ್ತಿದ್ದ ವಸ್ತ್ರವನ್ನು ಪಕ್ಕದ ಬಡಾವಣೆಯವರೇ ತಾಣದ ಮೂಲಕ ಕೊಂಡ ವರ್ಷ ಅದು. ಅದೇ ವರ್ಷ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕನ್ನಡದಲ್ಲಿ ಕೊಳ್ಳುವ ಅನುಕೂಲ ತಂದವು. ಇಂಗ್ಲಿಷ್ ಪುಟಕ್ಕೆ ಅಂಜುತ್ತಿದ್ದ ಹಿರಿಯರು ಆಗ ಗಿರಾಕಿಗಳಾದರು.

ಪಕ್ಕದ ಬಡಾವಣೆಯವರಿಗೆ ತಾಣದ ಶುಲ್ಕ, ಸಾಗಣೆ ಸೇರಿದ ದರದಲ್ಲಿ ಮಾರುವ ಅಸಂಬದ್ಧತೆ ಮನೆಯವರಿಗೆ ಹೊಳೆದದ್ದೂ ಆಗಲೇ. ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ತಯಾರಾಯಿತು. ನೇರವಾಗಿ ಕೇಳಿದವರಿಗೆ ಯುಪಿಐ ಪಾವತಿ, ಹತ್ತಿರದವರಿಗೆ ಮನೆಗೇ ತಲುಪಿಸುವುದು, ದೂರದವರಿಗೆ ಸ್ಪೀಡ್ ಪೋಸ್ಟ್. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೊ 2021ರಲ್ಲಿ ಮಾರಾಟಗಾರರಿಗೆ ಕಮಿಷನ್ ತೆಗೆದುಹಾಕಿತ್ತು; ಅದರಲ್ಲಿ ಹೂಬತ್ತಿ ಹೋಯಿತು, ಅಲಂಕಾರದ ವಸ್ತ್ರ ಅಗ್ಗದ ಸರಕಿನ ನಡುವೆ ಕಳೆದುಹೋಯಿತು. 2022ರ ಸೆಪ್ಟೆಂಬರ್ 30ರಂದು ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲ ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ಜನಬಳಕೆಗೆ ತೆರೆಯಿತು. ಯಾವ ಆ್ಯಪ್‌ನಿಂದಲಾದರೂ ಯಾವ ಮಾರಾಟಗಾರರನ್ನಾದರೂ ತಲುಪಬಹುದೆಂಬ ಅದರ ಕಲ್ಪನೆ ಒಳ್ಳೆಯದು. ಗೃಹೋದ್ಯಮದ ಹಬ್ಬದ ಸರಕಿಗಿಂತ ಊಟ, ದಿನಸಿ, ಆಟೊ ಸವಾರಿಗೆ ಅದು ಹೆಚ್ಚು ಒದಗಿತು.

ನೋಂದಣಿಯ ಬೇಲಿ ಸಡಿಲವಾದದ್ದು 2023ರ ಅಕ್ಟೋಬರ್ 1ರಂದು. ವಹಿವಾಟು ಮಿತಿಯೊಳಗಿದ್ದು, ಸ್ವಂತ ರಾಜ್ಯದೊಳಗೆ ಮಾತ್ರ ಮಾರುವವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮೂಲಕ ದಾಖಲಾತಿ ಸಂಖ್ಯೆ ಪಡೆದರೆ ಸಾಕು, ಪೂರ್ಣ ನೋಂದಣಿ ಬೇಡ. ಪುಣೆಗೆ ಕಳಿಸಬೇಕಾದರೆ ಹಳೆಯ ನಿಯಮವೇ. ಆದರೂ ಮತ್ತಿಕೆರೆಯಿಂದ ಮೈಸೂರಿಗೆ, ಹುಬ್ಬಳ್ಳಿಗೆ, ಮಂಗಳೂರಿಗೆ ತೆರಿಗೆ ಬೀಳುವ ಸರಕು ಕಳಿಸಲು ಬಯಸುವ ಹೆಂಗಸು ಈಗ ಇನ್ನೊಬ್ಬರ ಹೆಸರಿನಲ್ಲಿ ಮಾರಬೇಕಾಗಿಲ್ಲ.

ಇಂದು ಆ ಮನೆ ತಾಣವನ್ನು ಹೊಸ ಗಿರಾಕಿ ಸಿಗುವ ಜಾಗವಾಗಿ ಮಾತ್ರ ಇಟ್ಟುಕೊಂಡಿದೆ. ಹಬ್ಬದ ಮುಖ್ಯ ವ್ಯಾಪಾರ ನೇರ ಆರ್ಡರ್‌ನದು. ಚೀಟಿ ಹಾಕುವಂತಿಲ್ಲದ ಪೊಟ್ಟಣದಿಂದ ಗಿರಾಕಿಗಳು ಮನೆಯ ನಂಬರಿಗೆ ಬಂದದ್ದು, ಕಾನೂನು ಮಾಪನ ನಿಯಮದಂತೆ ಅಚ್ಚು ಹಾಕಿಸಿದ ತಯಾರಕರ ವಿಳಾಸ ಮತ್ತು ಸಂಪರ್ಕ ಸಂಖ್ಯೆಯನ್ನು ಓದಿ. ಆ ಸಣ್ಣ ಅಕ್ಷರಗಳನ್ನು ಯಾವ ತಾಣವೂ ಅಳಿಸುವಂತಿಲ್ಲ. ಶ್ರಾವಣಕ್ಕೆ ಗೆಜ್ಜೆವಸ್ತ್ರ ತರಿಸಿಕೊಳ್ಳುವ ಓದುಗರು ಡಬ್ಬಿ ಬಿಸಾಡುವ ಮೊದಲು ಅದರ ಹಿಂಬದಿ ನೋಡಬೇಕು. ವಸ್ತ್ರ ಮನಸ್ಸಿಗೆ ಬಂದಿದ್ದರೆ ಅಲ್ಲಿರುವ ನಂಬರನ್ನು ಬರೆದಿಟ್ಟುಕೊಂಡು, ಮುಂದಿನ ಹಬ್ಬಕ್ಕೆ ಹದಿನೈದು ದಿನ ಮೊದಲೇ ಮಾಡಿದವರಿಗೇ ಫೋನ್ ಮಾಡಿ.